ಹೊಸ ಲೆನ್ಸಿಗೆ ಸಿಗದ ಮುಖ

ಕ್ಯಾಮೆರಾದ ಲೆನ್ಸು ತಾನಾಗಿಯೇ ಹಿಂದೆ ಮುಂದೆ ಸರಿಯುತ್ತಿತ್ತು. ಅಜ್ಜನ ಮುಖದ ಮೇಲೆ ಮಾತ್ರ ನಿಲ್ಲಲೊಲ್ಲದು. ಎಂಬತ್ತರ ದಶಕದ ಕೊನೆ. ಹಿರೇವಡ್ಡಟ್ಟಿಯ ಮನೆಯೊಂದರ ಪಡಸಾಲೆಯಲ್ಲಿ, ತೀರಿಕೊಂಡ ಅಜ್ಜನನ್ನು ಗೋಡೆಗೆ ಒರಗಿಸಿ ಕೂಡ್ರಿಸಿ, ವಿಭೂತಿ ಹಚ್ಚಿ ಮಾಲೆ ಹಾಕಿದ್ದರು. ಮಣ್ಣು ಮಾಡುವ ಮೊದಲು ಕೊನೆಯ ಫೋಟೊ ತೆಗೆಯಲು ಮುಂಡರಗಿಯ ಸ್ಟುಡಿಯೋದಿಂದ ನನ್ನನ್ನು ಕರೆಸಿದ್ದರು. ಮುಂಬೈಯಿಂದ ತರಿಸಿದ್ದ, ತಾನೇ ಫೋಕಸ್ ಮಾಡಿಕೊಳ್ಳುವ ಆ ಲೆನ್ಸಿಗೆ ಅದೇ ಮೊದಲ ಕೆಲಸ. ಎದುರಿಗಿದ್ದವರು ಅಲುಗಾಡಿದರೆ ಅದು ಹೀಗೆ ತಡಕಾಡುತ್ತದೆ ಎಂದು ಅಂಗಡಿಯವ ಹೇಳಿದ್ದ.

ಬೇಸತ್ತು, ಸ್ಟುಡಿಯೋದ ರೂಢಿಯಂತೆ ಅಂದುಬಿಟ್ಟೆ: "ಅಜ್ಜಾರ, ಒಂದೀಟ ಅಳ್ಳಾಡಬ್ಯಾಡ್ರಿ."

ಪಡಸಾಲೆಯಲ್ಲಿ ನಡೆದಿದ್ದ ಭಜನೆ ನಿಂತಿತು. ಲೆನ್ಸೂ ನಿಂತಿತು. ಅಜ್ಜನ ಮುಖ ರೆಪ್ಪೆಕೂದಲು ಎಣಿಸುವಷ್ಟು ನಿಚ್ಚಳವಾಗಿ ಕಂಡಿತು. ಬಟನ್ ಒತ್ತಿದೆ.

ಪಕ್ಕದಲ್ಲಿ ಕುಳಿತಿದ್ದ ಅಜ್ಜನ ಹೆಂಡತಿ ಮೆಲ್ಲಗೆ ಅಂದರು: "ನಲವತ್ತ ವರ್ಷ ನನ್ನ ಮಾತ ಒಂದಿನಾನೂ ಕೇಳಲಿಲ್ರಿ ಇವರು. ನಿಮ್ಮ ಮಾತ ಕೇಳಿದ್ರು ನೋಡ್ರಿ."

ಅಂದಿನಿಂದ ಸಾವಿನ ಮನೆಗೆ ಕೈಯಿಂದ ತಿರುಗಿಸುವ ಹಳೆಯ ಲೆನ್ಸನ್ನೇ ಒಯ್ಯುತ್ತೇನೆ. ಅದರಲ್ಲಿ ಮುಖ ಮಸುಕಾದರೆ ತಪ್ಪು ನನ್ನ ಕೈಯದು. ಎದುರು ಕುಳಿತವರು ಅಲುಗಾಡಿದರೇನೋ ಎಂದು ಅಂಜಬೇಕಿಲ್ಲ.