ಮೂಲೆ ಬಾವುಟದ ಕೋಲು

ಸಣ್ಣಯ್ಯ ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ಹಳಿ ರಿಪೇರಿ ಮಾಡಿದವರು. ರಿಟೈರಾದ ಮೇಲೂ ಬಾಣಾವರದ ಮನೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಬಿಸಿ ಮುದ್ದೆ ತಟ್ಟೆಗೆ ಬೀಳಬೇಕು. ನಂಟರ ಮದುವೆಗೆ ಹೋದರೂ ಧಾರೆ ಮುಗಿದ ಕೂಡಲೇ ಬಸ್ಸು ಹತ್ತಿ ಬಂದುಬಿಡುವರು. ಅನ್ನ ಅವರ ಗಂಟಲಲ್ಲಿ ಇಳಿಯದು. ಆರಿದ ಮುದ್ದೆಯನ್ನಂತೂ ಅವರು ಮುದ್ದೆ ಎಂದೇ ಒಪ್ಪುವವರಲ್ಲ. ಆದ್ದರಿಂದ ಬೇಲೂರಿನ ಆಟಕ್ಕೆ ಮಾವನನ್ನು ಕರೆದೊಯ್ಯಬೇಕಾದರೆ ಒಲೆಯನ್ನೂ ಕರೆದೊಯ್ಯಬೇಕು ಎಂದು ಸೊಸೆ ಮಾಲಿನಿ ತೀರ್ಮಾನಿಸಿದಳು.

ಆಟ ಸಣ್ಣಯ್ಯನವರ ಮಗಳು ಲತಾಮಣಿಯದು. ಅರಸೀಕೆರೆಯ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿ ಅವಳು ಆಡುತ್ತಿದ್ದಳು. ಯೂನಿವರ್ಸಿಟಿ ತಂಡದ ಕ್ಯಾಂಪಿಗೆ ಹೆಸರು ಬಂದಿತ್ತು. ಮನೆಯವರ ರುಜು ಬಿದ್ದ ಫಾರಂ ಶನಿವಾರ ಆಟ ಮುಗಿದೊಡನೆ ಪಿ.ಟಿ. ಮೇಷ್ಟ್ರ ಕೈ ಸೇರಬೇಕು. ಸೇರದಿದ್ದರೆ ಜಾಗ ಇನ್ನೊಬ್ಬಳಿಗೆ.

"ಕಣ್ಣಲ್ಲಿ ಕಾಣದ್ದಕ್ಕೆ ನಾನು ರುಜು ಹಾಕಾಕಿಲ್ಲ," ಅಂದಿದ್ದರು ಸಣ್ಣಯ್ಯ. "ಇಪ್ಪತ್ತು ದಿನ ಹೆಣ್ಮಗು ಎಲ್ಲೋ ಹೋಗಿ ಚೆಂಡು ಒದೀತದಂತೆ."

"ಹಂಗಾದ್ರೆ ಬಂದು ನೋಡಪ್ಪ."

"ಊಟದ ಹೊತ್ತಲ್ಲಿ ಎಲ್ಲಿಗವ್ವಾ ಬರ್ಲಿ?"

ಮಾತು ಅಲ್ಲಿಗೇ ನಿಂತಿತ್ತು. ಆ ರಾತ್ರಿ ಲತಾಮಣಿ ಅತ್ತಿದ್ದನ್ನು ಮಾಲಿನಿ ಗೋಡೆಯಾಚೆಯಿಂದ ಕೇಳಿಸಿಕೊಂಡಳು. ಕೇಳಿಸಿತು, ಅಷ್ಟೆ. ಮಗ ಸಮ್ಯಕ್ ಹುಟ್ಟಿದ ಈ ಹತ್ತು ತಿಂಗಳಲ್ಲಿ ಅವಳಿಗೆ ಎಲ್ಲವೂ ಹೀಗೇ. ಒಂದೇ ಮಗ್ಗುಲಲ್ಲಿ ಮಲಗಿ ತೋಳು ಜೋಮು ಹಿಡಿದರೆ ಅದು ತನ್ನದೇ ತೋಳೆಂದು ಮುಟ್ಟಿ ನೋಡಿಕೊಳ್ಳಬೇಕಲ್ಲ, ಹಾಗೆ. ಮಗುವಿಗೆ ಹೊತ್ತಿಗೆ ಸರಿಯಾಗಿ ಹಾಲು, ಸ್ನಾನ, ಲಸಿಕೆ, ಯಾವುದೂ ತಪ್ಪಿರಲಿಲ್ಲ. ಆದರೆ ಮಗು ಮೊದಲ ಸಲ ನಕ್ಕ ದಿನ ಅವಳ ಡೈರಿಯಲ್ಲಿ 'ಡೈಪರ್, ಜೀರಿಗೆ, ಸೋಪು' ಎಂದಷ್ಟೇ ಇದೆ. ಬಾಣಂತನದಲ್ಲಿ ಬೆಳಗಿನ ಪ್ರಾಕ್ಟೀಸಿಗೆ ಹೋಗುವ ಮುನ್ನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೀರೆರೆದವಳು ಲತಾಮಣಿ. ಅದು ಮಾಲಿನಿಗೆ ನೆನಪಿತ್ತು. ಅವಳಿಗಾಗಿ ಏನಾದರೂ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅನ್ನಿಸದಿದ್ದರೇನು, ಮಾಡಬಹುದಲ್ಲ ಎಂದು ಡೈರಿ ತೆಗೆದು ಪಟ್ಟಿ ಬರೆದಳು. ಸಣ್ಣ ಸಿಲಿಂಡರು, ಒಲೆ, ದೊಡ್ಡ ಪಾತ್ರೆ, ರಾಗಿಹಿಟ್ಟು, ನಾಟಿ ಕೋಳಿ ಸಾರು, ಆಟ ಮುಗಿದ ಮೇಲೆ ಹುಡುಗಿಯರಿಗೆ ಚಿತ್ರಾನ್ನ, ಎರಡು ಚಿಪ್ಪು ಬಾಳೆಹಣ್ಣು, ಎರಡು ಕ್ಯಾನ್ ನೀರು, ಚಾಪೆ, ಮಗುವಿನ ಟೋಪಿ.

ಗಂಡ ಉಮಾಶಂಕರ್ ಗೆಳೆಯನ ಗೂಡ್ಸ್ ಗಾಡಿ ತಂದ. ಸೋಮವಾರದಿಂದ ಶುಕ್ರವಾರದವರೆಗೆ ಕೊಬ್ಬರಿ ಹೊರುವ ಗಾಡಿ. ತೊಳೆದರೂ ವಾಸನೆ ಬಿಟ್ಟಿರಲಿಲ್ಲ. ಮುಂದೆ ಮಾವ, ಹಿಂದೆ ಅತ್ತೆ ಹನುಮಮ್ಮ, ಮಾಲಿನಿ, ಮಗು, ಸಾರಿನ ಪಾತ್ರೆ. ಜಾವಗಲ್, ಹಳೇಬೀಡು ದಾಟಿ ಬೇಲೂರಿನ ಕಾಲೇಜು ಮೈದಾನದ ಬೇಲಿ ಪಕ್ಕ, ಹೊಂಗೆ ಮರದ ಕೆಳಗೆ ಗಾಡಿ ನಿಂತಾಗ ಹನ್ನೆರಡೂಕಾಲು. ಆಟ ಒಂದೂವರೆಗೆ. ಹಿಂದಿನ ಬಾಗಿಲು ಇಳಿಸಿದರೆ ಅದೇ ಮೇಜು. ಗಾಡಿಯ ಮರೆಯಲ್ಲಿ ಒಲೆ ಹೊತ್ತಿತು. ಸಾರು ಬಿಸಿಯಾಗಿ ವಾಸನೆ ಮೈದಾನ ದಾಟಿತು.

"ಅರಸೀಕೆರೆಯವ್ರು ಆಡಕ್ಕೆ ಬಂದವ್ರೋ, ತಿಥಿ ಊಟಕ್ಕೆ ಬಂದವ್ರೋ?" ಎಂದು ಬೇಲೂರಿನ ಹುಡುಗಿಯೊಬ್ಬಳು ಕೂಗಿದಳು.

"ತಿಥಿ ನಿಮ್ದೇ ಕಣವ್ವಾ, ಸಾಯಂಕಾಲ ಬಾ, ನಿಂಗೂ ಇಕ್ತೀನಿ!" ಹನುಮಮ್ಮ ತಿರುಗಿ ಕೂಗಿದರು.

ನೀರು ಕುದಿಯಿತು. ಮಾಲಿನಿ ಹಿಟ್ಟು ಸುರಿದು ಕೈ ಚಾಚಿದಳು. ಚಾಚಿದ ಕೈ ಚಾಚಿಯೇ ಉಳಿಯಿತು. ಮುದ್ದೆ ಕೋಲು ಇರಲಿಲ್ಲ. ಅಡುಗೆಮನೆ ಬಾಗಿಲ ಹಿಂದೆ ಅದು ಸದಾ ನಿಂತೇ ಇರುವ ವಸ್ತು. ಉಪ್ಪು ಬರೆದಿದ್ದಳು, ಬೆಂಕಿಪೊಟ್ಟಣ ಬರೆದಿದ್ದಳು. ಕೋಲನ್ನು ಯಾರು ಬರೆಯುತ್ತಾರೆ?

"ಸೌಟಲ್ಲಿ ತಿರುವು," ಅಂದ ಉಮಾಶಂಕರ್.

"ಸೌಟಲ್ಲಿ ತಿರುವಿದ್ರೆ ಗಂಟಾಯ್ತದೆ ಕಣೋ, ಗಂಜಿ ಮಾಡಾಕ್ಕೆ ಬಂದ್ವಾ ಇಲ್ಲಿಗಂಟ?" ಎಂದರು ಹನುಮಮ್ಮ.

ಸಣ್ಣಯ್ಯ ವಾಚು ನೋಡಿಕೊಂಡು ಎದ್ದರು. "ಹನ್ನೆರಡೂ ಮುಕ್ಕಾಲಾಯ್ತು. ಬಸ್‌ಸ್ಟ್ಯಾಂಡ್ ಹತ್ರ ಮಿಲ್ಟ್ರಿ ಹೋಟ್ಲೈತೆ. ಉಂಡು ಹಂಗೇ ಬಸ್ ಹತ್ತಿ ಊರಿಗೋಯ್ತೀನಿ."

ವಾರ್ಮ್‌ಅಪ್ ಮಾಡುತ್ತಿದ್ದ ಲತಾಮಣಿ ದೂರದಿಂದಲೇ ಅಪ್ಪ ಎದ್ದದ್ದನ್ನು ಕಂಡು ನಿಂತುಬಿಟ್ಟಳು. ಮಾಲಿನಿ ಒಲೆ ಸಣ್ಣ ಮಾಡಿ, "ಹತ್ತೇ ನಿಮಿಷ ಮಾವ," ಎಂದು ಮೈದಾನದೊಳಗೆ ನಡೆದಳು. ಓಡಬೇಕೆಂದು ಅವಳಿಗೆ ಗೊತ್ತಿತ್ತು, ಆದರೆ ಕಾಲುಗಳು ನಡೆಯುವಷ್ಟೇ ನಡೆದವು. ಮೂಲೆಯಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ ಮುದುಕ, ಮೈದಾನ ನೋಡಿಕೊಳ್ಳುವ ಕರಿಯಪ್ಪ. ಅವನ ಪಕ್ಕ ಬಾವುಟ ಕಟ್ಟಿದ ಬಿದಿರು ಕೋಲು.

"ಇದನ್ನ ಸ್ವಲ್ಪ ಕೊಡ್ತೀರಾ? ಮುದ್ದೆ ತಿರುವಬೇಕು."

ಕರಿಯಪ್ಪ ಅವಳ ಮುಖವನ್ನು ನೋಡಿದ. ತಮಾಷೆಯ ಸುಳಿವೇ ಇರಲಿಲ್ಲ. "ಏನ್ ಸಾರು?"

"ನಾಟಿ ಕೋಳಿ."

"ಹಂಗಾದ್ರೆ ತಗಳವ್ವ. ನನ್ ಮುದ್ದೆ ಮರೀಬೇಡ. ಸೀಟಿ ಊದೋದ್ರೊಳಗೆ ಕೋಲು ತಂದು ನೆಡ್ಬೇಕು. ಇಲ್ದಿದ್ರೆ ರೆಫ್ರಿ ನನ್ನೇ ನೆಡ್ತಾನೆ."

ತೊಳೆದು ತಂದ ಕೋಲು ಎದೆಯುದ್ದ. ಕೂತು ತಿರುವಲು ಬರುವುದಿಲ್ಲ, ನಿಂತರೆ ಅವಳ ಕೈಗೆ ಬಲ ಸಿಗುವುದಿಲ್ಲ. ಪಾತ್ರೆ ವಾಲಿತು. ಹೊರಡಲು ನಿಂತಿದ್ದ ಸಣ್ಣಯ್ಯ ಒಂದು ಗಳಿಗೆ ನೋಡಿದರು, ಎರಡು ಗಳಿಗೆ ನೋಡಿದರು.

"ಅಲ್ಲವ್ವಾ, ಹಾರೆ ಹಂಗಾ ಹಿಡಿಯೋದು? ಕೊಡಿಲ್ಲಿ. ಪಾತ್ರೆ ಭದ್ರವಾಗಿ ಹಿಡ್ಕೋ."

ಮಾಲಿನಿ ಪಾತ್ರೆಯನ್ನು ನೆಲಕ್ಕಿಳಿಸಿ ಬಟ್ಟೆಯಿಂದ ಕಿವಿ ಹಿಡಿದಳು. ಸಣ್ಣಯ್ಯ ಕಾಲು ಅಗಲಿಸಿ ನಿಂತು, ಹಳಿಯ ಕೆಳಗೆ ಜಲ್ಲಿ ಕುಟ್ಟುವಾಗಿನ ಹಾಗೆ ಸೊಂಟದಿಂದ ಬಲ ಹಾಕಿ ತಿರುವಿದರು. ಬಾಯಲ್ಲಿ "ಹೈಸಾ... ಹೈಸಾ..." ತಾನಾಗಿಯೇ ಬಂತು. ಆವಿ ಮಾಲಿನಿಯ ಮಣಿಕಟ್ಟಿಗೆ ಹೊಡೆಯಿತು. ಅವಳು ಬಿಡಲಿಲ್ಲ.

"ಗಂಡಸು ಕೋಲು ಹಿಡಿದಿದ್ದು ಕಂಡಿದ್ದೆ, ಹಿಟ್ಟಿಗೆ ಹಿಡಿದಿದ್ದು ಇವತ್ತೇ ಕಂಡಿದ್ದು," ಎಂದು ಹನುಮಮ್ಮ ಮಗುವಿಗೆ ಹೇಳಿದರು.

ಮುದ್ದೆ ಗಂಟಿಲ್ಲದೆ ಬಂತು. ಒಂದೂ ಐದಕ್ಕೆ ತಟ್ಟೆಗೆ ಬಿತ್ತು. ಐದು ನಿಮಿಷದ ಬಗ್ಗೆ ಸಣ್ಣಯ್ಯ ಸೊಲ್ಲೆತ್ತಲಿಲ್ಲ, ಮಾಡಿದವರು ತಾವೇ ಆಗಿದ್ದರಿಂದ. ಕರಿಯಪ್ಪನೂ ಬಂದು ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತ. ಇಬ್ಬರೂ ಉಂಡು ಸಾರಿನ ಗುಂಗಿನಲ್ಲಿರುವಾಗ ರೆಫ್ರಿಯ ಕೂಗು ಬಂತು, "ಆ ಮೂಲೆ ಫ್ಲ್ಯಾಗ್ ಎಲ್ರೀ?"

"ಕೂತ್ಕಳಯ್ಯ, ನಾ ನೆಡ್ತೀನಿ," ಎಂದು ಸಣ್ಣಯ್ಯ ಕೋಲು ಹಿಡಿದು ಹೊರಟರು. ನೆಟ್ಟರು, ಅಲ್ಲಾಡಿಸಿ ನೋಡಿದರು, ಕಲ್ಲು ಕೊಟ್ಟು ಬಿಗಿ ಮಾಡಿದರು. ಕೋಲಿನ ತುದಿಯಲ್ಲಿ ರಾಗಿ ಇನ್ನೂ ಅಂಟಿಕೊಂಡೇ ಇತ್ತು. ಆಮೇಲೆ ಅಲ್ಲಿಂದ ಕದಲಲಿಲ್ಲ. ಆಟದ ನಡುವೆ ಅದೇ ಮೂಲೆಯಿಂದ ಒದೆಯಲು ಲತಾಮಣಿ ಚೆಂಡು ಹಿಡಿದು ಬಂದಳು.

"ಅಪ್ಪಾ, ನೀನಿಲ್ಲಿ?"

"ಕೋಲು ನೋಡ್ಕೊಂಡಿದೀನಿ. ನೀನು ಒದಿ, ಒದಿ."

ಅವಳು ಒದ್ದ ಚೆಂಡು ಬಾಗಿ ಹೋಗಿ ಗೋಲಿನ ಕಂಬಕ್ಕೆ ಬಡಿದು ಹೊರಗೆ ಬಿತ್ತು. ಅರಸೀಕೆರೆ ಎರಡಕ್ಕೆ ಸೊನ್ನೆಯಿಂದ ಸೋತಿತು. ಹುಡುಗಿಯರು ಗಾಡಿಯ ಸುತ್ತ ನಿಂತು ಚಿತ್ರಾನ್ನ ತಿಂದರು.

ಪಿ.ಟಿ. ಮೇಷ್ಟ್ರು ಬಂದಾಗ ಲತಾಮಣಿ ಅಪ್ಪನ ಕಡೆ ನೋಡಲಿಲ್ಲ. ಸಣ್ಣಯ್ಯ ಕೈ ಒರೆಸಿಕೊಂಡು, "ಸಾ, ಆ ಮೂಲೆಯಿಂದ ಅಷ್ಟು ದೂರ, ಹಂಗೆ ಬಾಗಿಸಿ ಒದೆಯೋದು ನೀವು ಕಲ್ಸಿದ್ದಾ?" ಎಂದರು.

"ಇಲ್ಲ ಸಣ್ಣಯ್ಯನವರೇ. ಅವಳೇ ಕಲಿತದ್ದು."

"ಎಲ್ಲವ್ವಾ ಫಾರಮ್ಮು?"

ಗಾಡಿಯ ಬಾಗಿಲ ಮೇಲೆ ಕಾಗದ ಹರಡಿ ರುಜು ಹಾಕಿದರು. ಸಾರಿನ ಕಲೆ ತಾಗದಂತೆ ಮಾಲಿನಿ ಪಾತ್ರೆ ಸರಿಸಿದಳು. ಲತಾಮಣಿ ಅವಳನ್ನು ತಬ್ಬಿಕೊಂಡು ಅತ್ತಳು. ಮಾಲಿನಿ ಅವಳ ಬೆನ್ನು ಸವರಿದಳು. ಹೀಗೆ ಸವರಬೇಕು ಎಂದು ಗೊತ್ತಿದ್ದ ಹಾಗೆ.

ವಾಪಸ್ಸು ಬರುವಾಗ ಗಾಡಿಯ ಹಿಂದೆ ಲತಾಮಣಿ ನಿದ್ದೆಹೋದಳು. ಜಾವಗಲ್ ದಾಟುತ್ತಿದ್ದಂತೆ, ಮಗುವನ್ನು ಇನ್ನೊಂದು ತೋಳಿಗೆ ಬದಲಿಸುವಾಗ, ಮಾಲಿನಿ ಹಲ್ಲು ಕಚ್ಚಿದಳು. ಮಣಿಕಟ್ಟಿನ ಮೇಲೆ ಎರಡು ಬೊಬ್ಬೆ ಎದ್ದಿದ್ದವು.

"ಏನಾಯ್ತೇ?" ಅಂದರು ಹನುಮಮ್ಮ.

"ಉರೀತಿದೆ ಅತ್ತೆ."

"ಮಧ್ಯಾಹ್ನದಿಂದ ಸುಮ್ನಿದ್ದೀಯಲ್ಲೇ?"

"ಈಗ ಉರೀತಿದೆ," ಎಂದಳು ಮಾಲಿನಿ. ಸಮ್ಯಕ್ ಬಗ್ಗಿ ಆ ಬೊಬ್ಬೆಯನ್ನೇ ಹಿಡಿಯಲು ಕೈ ಚಾಚಿದ. ಅವಳು ಆ ಪುಟ್ಟ ಕೈಯನ್ನು ಹಿಡಿದು ತಡೆದಳು, ಬಿಡಲಿಲ್ಲ.