ಬಣ್ಣದ ಬೋಟು ಮತ್ತು ನನ್ನ ಹೊಟ್ಟೆಕಿಚ್ಚು

ಇವತ್ತು ನಮ್ಮ ಮನೆಯ ಮುಂದಿನ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಓಣಿಯ ಮಂದಿಯೆಲ್ಲ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರೆ ನಾನೊಬ್ಬಳು ಕಿಟಕಿ ತೆರೆದು ನಿಂತಿದ್ದೇನೆ. ಕಾದ ಡಾಂಬರಿನ ವಾಸನೆ ಬಂದರೆ ಸಾಕು, ನನ್ನ ಹಳೆಯ ಹೊಟ್ಟೆಕಿಚ್ಚು ಎದ್ದು ಕೂರುತ್ತದೆ. ನಗಬೇಡಿ. ನಿಮ್ಮ ಗಂಡ ಭಾನುವಾರ ಭಾನುವಾರ ಇನ್ನೊಬ್ಬಳ ಮೈಗೆ ಡಾಂಬರು ಬಳಿಯಲು ಹೋಗಿದ್ದರೆ ನಿಮಗೂ ಗೊತ್ತಾಗುತ್ತಿತ್ತು.

ಇನ್ನೊಬ್ಬಳು ಅಂದರೆ ಒಂದು ಬೋಟು.

ಹೊಟ್ಟೆಕಿಚ್ಚು ನನಗೆ ತವರಿನಿಂದಲೇ ಬಂದದ್ದು. ಮಮದಾಪುರದ ನಮ್ಮ ತೋಟದ ಬಾವಿಯಲ್ಲಿ ಅಣ್ಣಂದಿರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ದಬದಬ ಹಾರುತ್ತಿದ್ದರು. ನಾನು ಮೇಲೆ ಕೂತು ಅವರ ಅಂಗಿ ಒಗೆಯುತ್ತಿದ್ದೆ. "ನಾನೂ ಹಾರ್ತೇನಿ" ಅಂದರೆ ಅವ್ವ, "ಹೆಣ್ಣಹುಡುಗಿ ಬಾವ್ಯಾಗ ಹಾರಿದ್ರ ಊರಾಗ ಬ್ಯಾರೇನಽ ಸುದ್ದಿ ಆಗ್ತೈತಿ, ಸುಮ್ನ ಒಗಿ" ಎನ್ನುತ್ತಿದ್ದಳು. ಆ ಸಿಟ್ಟಿನಲ್ಲಿ ನಾನು ಕುಕ್ಕಿ ಕುಕ್ಕಿ ಒಗೆದು ಅಣ್ಣಂದಿರ ಎಷ್ಟೋ ಅಂಗಿ ಹರಿದಿದ್ದುಂಟು. ಆಮೇಲೆ ಗೋಕಾಕದ ಅರಿವೆ ಅಂಗಡಿಯ ಮನೆಗೆ ಸೊಸೆಯಾಗಿ ಬಂದೆ. ತವರಿನಂತೆ ಅದೂ ಜೈನರ ಮನೆ. ಅಲ್ಲಿ ಬಾವಿ ಇತ್ತು, ಆದರೆ ಹಾರುವವರು ಯಾರೂ ಇರಲಿಲ್ಲ. ನೆಮ್ಮದಿಯಾಗಿದ್ದೆ.

ಧೂಪದಾಳದ ಒಡ್ಡಿನ ಹಿಂದೆ ಘಟಪ್ರಭೆ ಅಗಲವಾಗಿ ನಿಲ್ಲುತ್ತಾಳಲ್ಲ, ಅಲ್ಲಿ ಕಾಲುವೆ ಖಾತೆಯ ಸಾಹೇಬರೊಬ್ಬರು ಸುಮ್ಮನೆ ಮೋಜಿಗೆಂದು ಒಂದು ಸಣ್ಣ ಬೋಟು ಇಟ್ಟುಕೊಂಡಿದ್ದರು. ಅವರು ತಮ್ಮ ದೇಶಕ್ಕೆ ಹೊರಟಾಗ, ಅಂಗಡಿಯ ಪರಿಚಯದ ಮೇಲೆ, ಅದನ್ನು ನಮ್ಮವರಿಗೆ ಕೊಟ್ಟು ಹೋದರು. ಹೊಳೆ ದಾಟುವ ಕೆಲಸವಿಲ್ಲದವರಿಗೆ ದೋಣಿ ಯಾತಕ್ಕೆ ಎಂದು ಊರೆಲ್ಲ ಕೇಳಿತು. ಅತ್ತೆಯವರಂತೂ ತಲೆ ಚಚ್ಚಿಕೊಂಡರು.

"ನೀರ ಸೋಸಿ ಕುಡಿಯೂ ಮಂದಿ ನಾವು. ನೀ ಆ ಹುಟ್ಟ ಬಡದು ಬಡದು ಎಷ್ಟ ಜೀವಾ ಕೊಲ್ತೀಯೋ ಪುಣ್ಯಾತ್ಮಾ?"

"ಸಾವಕಾಶ ಹಾಕ್ತೇನಿ ಬಿಡವ್ವಾ" ಎಂದರು ನಮ್ಮವರು.

ಸಾವಕಾಶವೇನು, ಮೊದಲ ದಿನ ಬೋಟು ಮುಂದಕ್ಕೇ ಹೋಗಲಿಲ್ಲವಂತೆ. ಹುಟ್ಟಿದಾಗಿನಿಂದ ಚಕ್ಕಡಿ ಹೊಡೆದವರು ನೋಡಿ, ಹೋಗುವ ಕಡೆಗೆ ಮುಖ ಮಾಡಿ ಠಾಕುಠೀಕಾಗಿ ಕೂತು ಹುಟ್ಟು ಜಗ್ಗಿದ್ದಾರೆ. ಜಗ್ಗಿದಂತೆಲ್ಲ ಬೋಟು ಹಿಂದಕ್ಕೆ ಸರಿದು ದಂಡೆಯ ಜಾಲಿಕಂಟಿಯಲ್ಲಿ ಹೋಗಿ ಸಿಕ್ಕಿಕೊಂಡಿದೆ. ಹೋಗುವ ಕಡೆಗೆ ಬೆನ್ನು ಮಾಡಿ ಕೂರಬೇಕೆಂದು ತಿಳಿಯಲು ಅವರಿಗೆ ಮತ್ತೊಂದು ಭಾನುವಾರ ಹಿಡಿಯಿತು. ತಿಳಿದ ಮೇಲೆ ಮನೆಯಲ್ಲೂ ಸುಮ್ಮನಿರಲಿಲ್ಲ. ಹೊರಸಿನ ಮೇಲೆ ಕೂತು, ಒಂದು ಕೈಯಲ್ಲಿ ಒನಕೆ, ಇನ್ನೊಂದು ಕೈಯಲ್ಲಿ ಬಟ್ಟೆ ಒಣಹಾಕುವ ಗಳ ಹಿಡಿದು, ಬಗ್ಗುವುದು, ಜಗ್ಗುವುದು, ಮತ್ತೆ ಬಗ್ಗುವುದು. ನಾನು ಜೋಳ ಬೀಸುತ್ತ ಓರೆಗಣ್ಣಿಂದ ನೋಡುತ್ತಿದ್ದೆ. ಹೊರಸು ಕಿರ್ರೆನ್ನುತ್ತಿತ್ತು, ನಾನು ಹಲ್ಲು ಕಡಿಯುತ್ತಿದ್ದೆ.

ನೀರು ಒಳಗೆ ಇಳಿಯದಂತೆ ಬಳಿಯುವ ಡಾಂಬರಿನ ಮೇಲೆ ಅದಕ್ಕೆ ಶೃಂಗಾರ ಬೇರೆ. ನಮ್ಮೂರಲ್ಲಿ ಕಟ್ಟಿಗೆಯ ಹಣ್ಣು, ಗೊಂಬೆ ಮಾಡಿ ಬಣ್ಣ ಹಾಕುವವರಿದ್ದಾರಲ್ಲ, ಅವರಲ್ಲೊಬ್ಬರನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋಗಿ ಕೆಂಪು, ಹಳದಿ, ಗಿಳಿಹಸಿರು ಬಣ್ಣ ಬಳಿಸಿದರು. ಆ ವರ್ಷ ಪಂಚಮಿಗೆ ನನಗೆ ಬಂದದ್ದು ಅಂಗಡಿಯಲ್ಲಿ ಮಾರದೆ ಉಳಿದಿದ್ದ ಬೂದಿಬಣ್ಣದ ಸೀರೆ. ನೀವೇ ಹೇಳಿ, ನಾನು ಉರಿಯಬೇಕೋ ಬೇಡವೋ?

ಆದರೂ ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೇನೋ. ನುಂಗಲಾಗದ್ದು ಒಂದಿತ್ತು, ಹಸಿವು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಗಂಡ ಉಣ್ಣದೆ ಹೆಂಡತಿ ಉಣ್ಣುವಂತಿಲ್ಲ. ಇವರು ನೀರಿನ ಮೇಲೆ ಮೈಮರೆತು, ದೀಪ ಹಚ್ಚುವ ಹೊತ್ತಿಗೆ ಸೈಕಲ್ ತಳ್ಳಿಕೊಂಡು ಬಂದು, "ಇವತ್ತೂ ತಡಾ ಆತು ನೋಡು" ಎಂದು ನಗುತ್ತ ಬರೀ ಹೊಟ್ಟೆಯಲ್ಲಿ ಮಲಗುತ್ತಿದ್ದರು. ಅವರಿಗೇನು, ಹೊಟ್ಟೆ ತುಂಬ ಬೋಟು ಇತ್ತು. ನಾನು ಯಾರ ಸುಖಕ್ಕೆ ಉಪವಾಸ ಬೀಳಬೇಕು?

ಒಂದು ಭಾನುವಾರ ಸಾಕಾಯಿತು. ಅತ್ತೆಯವರ ಎದುರಿಗೇ ಅಂದುಬಿಟ್ಟೆ: "ಬುತ್ತಿ ಕಟ್ಕೊಂಡು ನಾನೂ ಬರ್ತೇನ್ರಿ. ಹೊತ್ತ ಮುಳಗೂದ್ರಾಗ ಅಲ್ಲೇ ಉಣ್ರಿ."

ಮನೆ ಬಿದ್ದು ಹೋಗುತ್ತದೆ ಎಂದುಕೊಂಡಿದ್ದೆ. ಅತ್ತೆಯವರು ಮಗನ ಸೊರಗಿದ ಮುಖ ನೋಡಿ, "ಹೋಗ್ಲಿ ಬಿಡೋ, ಹಸದ ಮಕ್ಕೊಳ್ಳೂದರ ತಪ್ಪತೈತಿ" ಅಂದರು. ಚಕ್ಕಡಿ ಹೂಡಲು ಹೇಳಿದವರೂ ಅವರೇ.

ಆ ಸವತಿಯನ್ನು ಅಂದೇ ಮೊದಲು ನೋಡಿದ್ದು. ಕೆಟ್ಟದಾಗಿದ್ದರೆ ಸಮಾಧಾನವಾಗುತ್ತಿತ್ತು. ಹಾಳಾದ್ದು, ಚೆಂದವಿತ್ತು. ಹಿಂದಿನ ಹಲಗೆಯ ಮೇಲೆ ಬುತ್ತಿ ತೊಡೆಯ ಮೇಲಿಟ್ಟುಕೊಂಡು ಮುಖ ಊದಿಸಿ ಕೂತೆ. ನಮ್ಮವರು ನನಗೆ ತೋರಿಸಲೆಂದೇ ದೂರ ದೂರ ಒಯ್ದರು. ನೀರು ಬೋಟಿನ ಅಡಿಗೆ ತಟ್ಟುತ್ತಿತ್ತು. ಬೈಯಬೇಕೆಂದು ಬಂದವಳು ಬೈಗುಳ ಮರೆತು ನೀರಿಗೆ ಕೈ ಇಳಿಬಿಟ್ಟೆ.

ಅಷ್ಟರಲ್ಲಿ ಹೊತ್ತು ಗುಡ್ಡಕ್ಕೆ ಇಳಿಯಿತು. ದಂಡೆ ಮುಟ್ಟಿ ಉಣ್ಣುವಷ್ಟು ವೇಳೆ ಉಳಿದಿರಲಿಲ್ಲ. ನಡುನೀರಿನಲ್ಲಿ ಹುಟ್ಟು ಬಿಟ್ಟು ಕೂತರೆ ಸೆಳವು ಬೋಟನ್ನು ಮೆಲ್ಲಗೆ ಒಡ್ಡಿನ ಕಡೆಗೆ ಎಳೆಯುತ್ತದೆ. ಆಚೆ ಬಿದ್ದರೆ ಉಣ್ಣುವ ಚಿಂತೆ ಯಾವತ್ತಿಗೂ ಇರುವುದಿಲ್ಲ.

"ಇವತ್ತೂ ತಪ್ತು ಊಟಾ" ಅಂದರು.

"ತಪ್ಪೂದಿಲ್ಲ. ಈ ಕಡೆ ಬರ್ರಿ, ನೀವ್ ಉಣ್ರಿ. ಹುಟ್ಟ ನಾ ಹಿಡಿತೇನಿ."

"ಹುಚ್ಚೀನ? ನಿನಗೆಲ್ಲಿ ಬರ್ತೈತಿ?"

"ಮನ್ಯಾಗ ದಿನಾ ನೋಡೇನಲ್ರಿ, ನಿಮ್ಮ ಒನಕಿ ಆಟಾ!"

ಬೋಟು ಅಲ್ಲಾಡಿತು, ನಾನೊಮ್ಮೆ ಕಿರುಚಿದೆ, ಜಾಗ ಅದಲುಬದಲಾಯಿತು. ಹೋಗುವ ಕಡೆಗೆ ಬೆನ್ನು ಮಾಡಿ ಕೂತು, ಬಗ್ಗಿ, ಜಗ್ಗಿದೆ. ನಸುಕಿಗೆದ್ದು ಬೀಸುವ ತೋಳು ಇವು, ಗಜಕಡ್ಡಿ ಹಿಡಿದು ಅರಿವೆ ಅಳೆಯುವ ತೋಳಲ್ಲ. ಬೋಟು ನೆಟ್ಟಗೆ ಹೊರಟಿತು. ನಮ್ಮವರು ರೊಟ್ಟಿ, ಶೇಂಗಾಚಟ್ನಿ ಬಾಯಿಗಿಟ್ಟುಕೊಂಡು ಕಣ್ಣು ಬಿಟ್ಟು ನೋಡಿದರು. ಗಬಗಬ ಉಂಡು, ನೀರು ಕುಡಿದು, "ಇನ್ನ ನೀ ಉಣ್ಣು, ತಾ ಇಲ್ಲಿ" ಎಂದು ಕೈ ಚಾಚಿದರು. ಸೂರ್ಯ ಇನ್ನೂ ಬೆರಳಗಲ ಉಳಿದಿದ್ದ. ನನ್ನ ಪಾಲಿನ ರೊಟ್ಟಿ ಬುತ್ತಿಯಲ್ಲಿತ್ತು.

ನಾನು ಕೊಡಲಿಲ್ಲ.

"ಹಸಿವಿಲ್ರಿ" ಅಂದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಹೊತ್ತು ಮುಳುಗಿತು, ನನ್ನ ಊಟ ತಪ್ಪಿತು, ನಾನು ಜಗ್ಗುತ್ತಲೇ ಇದ್ದೆ. ದಂಡೆ ಬರಬಾರದು ಅನಿಸುತ್ತಿತ್ತು. ಗಂಡನನ್ನು ಕಸಿದುಕೊಂಡಿತೆಂದು ಇಷ್ಟು ದಿನ ಬೋಟಿನ ಮೇಲೆ ಉರಿದಿದ್ದೆ ಅಂದುಕೊಂಡಿದ್ದೆನಲ್ಲ, ಸುಳ್ಳು. ನಾನು ಉರಿದದ್ದು ಗಂಡನ ಮೇಲೆ. ಆ ನೀರು, ಆ ಹುಟ್ಟು, ಹೇಳುವವರು ಕೇಳುವವರಿಲ್ಲದ ಆ ಸಂಜೆ ಅವರಿಗೆ ಮಾತ್ರ ಏಕೆ ಎಂದು.

ಆಮೇಲಿನ ಭಾನುವಾರಗಳಲ್ಲಿ ಹುಟ್ಟು ನನ್ನದೇ. ಸಾವುಕಾರರ ಸೊಸೆ ಬೋಟು ಹೊಡೆಯುತ್ತಾಳೆಂದು ಮೂಡಲಗಿ ಸಂತೆಯವರೆಗೂ ಸುದ್ದಿಯಾಯಿತು. ನಮ್ಮವರು ನಗುನಗುತ್ತ ಹಿಂದಿನ ಹಲಗೆಯ ಮೇಲೆ ಕೂರುತ್ತಿದ್ದರು. ಕೆಲವು ವರ್ಷದ ಮೇಲೆ ಒಂದು ಮಹಾಪೂರ ಬೋಟನ್ನು ಒಯ್ದಿತು. ನಾನು ಅತ್ತುಬಿಟ್ಟೆ, ನಮ್ಮವರು ಅಳಲಿಲ್ಲ. ಎಷ್ಟು ದೊಡ್ಡ ಮನಸ್ಸು ಎಂದು ಇಲ್ಲಿಯವರೆಗೂ ಅವರ ಗುಣಗಾನ ಮಾಡಿಕೊಂಡು ಬಂದಿದ್ದೇನೆ.

ಈಗ ಕೋಲೂರಿಕೊಂಡು ಅವರೂ ಕಿಟಕಿಗೆ ಬಂದರು. "ಏನ್ ನೋಡಾಕತ್ತಿ?"

"ಬೋಟ ನೆನಪಾತ್ರಿ."

ಕೋಲನ್ನು ಗೋಡೆಗೆ ಒರಗಿಸಿ, "ಆವತ್ತ ನಾ ಉಣಬಾರದಾಗಿತ್ತ" ಅಂದರು.

"ಯಾಕ್ರಿ?"

"ಯಾಕಂತೀಯಲ್ಲ! ಉಣ್ಣಾಕ ಕುಂತೆ, ಹುಟ್ಟ ಹೋತು. ಒಮ್ಮೆರ ತಿರುಗಿ ಕೊಟ್ಟಿಯೇನ ನೀ? ಹಿಂದ ಕುಂತು ಎಷ್ಟ ಉರದೇನಿ ನಿನಗೇನ್ ಗೊತ್ತ."

ಇಷ್ಟು ವರ್ಷ ಈ ಮನೆಯಲ್ಲಿ ಹೊಟ್ಟೆಕಿಚ್ಚು ಪಡುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಹೊತ್ತು ಇಳಿಯುತ್ತಿತ್ತಲ್ಲ, ಒಳಗೆ ಹೋಗಿ ತಾಟು ಹಾಕಿದೆ.

ಅವರು ಬಂದು ಕೂತರು. ತಾಟನ್ನು ನನ್ನ ಕಡೆಗೆ ಸರಿಸಿದರು.

"ಇವತ್ತ ಮೊದಲ ನೀ ಉಣ್ಣು."