ಗರಡಿ ಓಣಿಯ ಮಾಳಿಗೆ ಕಾಯುವ ಉಚ್ಚೆಂಗಮ್ಮ

ಬೆಳಕು ಹರಿಯುವ ಹೊತ್ತಿಗೆ ಉಚ್ಚೆಂಗಮ್ಮ ಮಾಳಿಗೆ ಹತ್ತಿ ಕೂತಿದ್ದಾರೆ. ಬಿರುಕಿಗೆ ನೀರು ಇಳಿಯಗೊಡದ ಸೌಳು ಮಣ್ಣು ಸುರಿದು, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿಯುತ್ತಾರೆ. ಸಂಡೂರಿನ ಗುಡ್ಡದ ಮೇಲೆ ಮೋಡ ಕಟ್ಟುತ್ತಿದೆ. ಅವರು ತಲೆ ಎತ್ತುವುದಿಲ್ಲ.

ಹೊಸಪೇಟೆಯ ಗರಡಿ ಓಣಿಯಲ್ಲಿ ಎಲ್ಲವೂ ಮಣ್ಣಿನ ಚಪ್ಪಟೆ ಚಾವಣಿಯ ಮಾಳಿಗೆ ಮನೆಗಳು, ಗೋಡೆಗೆ ಗೋಡೆ ಅಂಟಿದವು. ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕದಿದ್ದರೆ ನೀರು ಒಳಗಿಳಿದು ತೊಲೆ ಕೊಳೆಯುತ್ತದೆ. ಅತ್ತೆಯಿಂದ ಕಲಿತ ಈ ಕೆಲಸದಲ್ಲೇ ಉಚ್ಚೆಂಗಮ್ಮ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದಾರೆ.

ಈಗ ಅದಿರು ಲಾರಿಗಳಿಗೆ ರಸ್ತೆ ಅಗಲವಾಗಬೇಕಂತೆ. ಓಣಿ ಉಳಿಸಿ ಎಂದು ಜನ ನಗರಸಭೆ ಕಚೇರಿ ಮುಂದೆ ಕೂತರು. ಮಳೆ ಬಿದ್ದ ಮೇಲೆ ಬಂದು ನೋಡುತ್ತೇವೆ, ಒಂದು ಮನೆ ಕುಸಿದರೂ ಇಡೀ ಸಾಲು ಕೆಡವುತ್ತೇವೆ ಎಂದು ಅಲ್ಲಿನ ಸಾಹೇಬರು ಉತ್ತರ ಕೊಟ್ಟರು. ಅಂದಿನಿಂದ ಮನೆಗೊಬ್ಬರು ಮಣ್ಣು ಹೊರುತ್ತಿದ್ದಾರೆ. ಮಣ್ಣು ಬೀಳದೆ ಉಳಿದಿರುವುದು ಉಚ್ಚೆಂಗಮ್ಮ ಈಗ ಹತ್ತಿರುವ ಈ ಒಂದೇ ಮಾಳಿಗೆ. ಇದರ ಯಜಮಾನ ಶಂಭುಲಿಂಗಪ್ಪ ಪರಿಹಾರಕ್ಕೆ ಒಪ್ಪಿ, ಬೀಗ ಜಡಿದು, ಹೊಸ ಬಡಾವಣೆ ಸೇರಿದ್ದಾರೆ. ಅವರನ್ನು ಕೇಳದೆ ಹತ್ತಬೇಡ ಎಂದು ಪಕ್ಕದ ಮನೆಯ ಪಂಪಮ್ಮ ಎಚ್ಚರಿಸಿದ್ದರು.

ಕೆಳಗೆ ಬೈಕು ನಿಲ್ಲುತ್ತದೆ. ಶಂಭುಲಿಂಗಪ್ಪನೇ.

"ಯಾರು ಹತ್ತು ಅಂದ್ರು ನಿನಗ? ಇಳಿ ಕೆಳಗ."

ಹಲಗೆಯ ಸದ್ದು ನಿಲ್ಲುವುದಿಲ್ಲ. "ಮನಿ ನಿಮ್ದ ಖರೇರಿ ಯಜಮಾನ್ರ. ನೀರು ನಿಮ್ಮ ಮಾತು ಕೇಳಂಗಿಲ್ಲ. ಇಲ್ಲಿ ಸೋರಿದ್ರ ಪಂಪಮ್ಮನ ಗ್ವಾಡಿ ಬೀಳ್ತೈತಿ."

ಲಾರಿಯೊಂದು ಹಾಯುತ್ತದೆ. ಗೋಡೆ ಅದುರಿ ಶಂಭುಲಿಂಗಪ್ಪನ ಬಿಳಿ ಅಂಗಿಯ ಮೇಲೆ ಮಣ್ಣು ಉದುರುತ್ತದೆ. ಪಂಪಮ್ಮ ಬಾಗಿಲಲ್ಲೇ ನಿಂತು, ಹೊಸ ಮನೆಯವರು ದೂರ ನಿಲ್ಲಲಿ, ಬಟ್ಟೆ ಹೊಲಸಾದೀತು ಎಂದು ಚುಚ್ಚುತ್ತಾರೆ.

ಏಣಿಯ ಬುಡದಲ್ಲಿ ಮಣ್ಣು ತುಂಬಿದ ಬಿದಿರಿನ ಪುಟ್ಟಿಯೊಂದು ಬೇರೆಯಾಗಿಯೇ ಇದೆ. ಮಾಳಿಗೆಗೆ ಮೊದಲ ಪುಟ್ಟಿ ಮಣ್ಣು ಮನೆಯವರೇ ಹೊರಬೇಕು. ಅದು ಓಣಿಯ ಪದ್ಧತಿ.

"ನಿಮ್ಮವ್ವ ಇದ್ದಾಗ ಅಕಿನ ಹೊರ್ತಿದ್ಲು," ಎನ್ನುತ್ತಾರೆ ಉಚ್ಚೆಂಗಮ್ಮ. "ಇವತ್ತು ನಾ ಮೊದ್ಲ ಸುರಿದು ಹಿಂದುಮುಂದಾಗೈತಿ. ನಿಮ್ಮ ಪುಟ್ಟಿ ತೆಗೆದಿಟ್ಟೀನಿ."

ಶಂಭುಲಿಂಗಪ್ಪ ಪರಿಹಾರ ಬೇಡವೆಂದು ಹೇಳುವುದಿಲ್ಲ. ಚಪ್ಪಲಿ ಬಿಟ್ಟು, ಪುಟ್ಟಿ ಎತ್ತಿ, ಏಣಿಯ ಅರ್ಧಕ್ಕೆ ಬಂದು ಮೇಲೆ ಚಾಚುತ್ತಾರೆ. "ಹಿಡಿ. ಭಾರ ಐತಿ."

ಗಾಳಿಯಲ್ಲಿ ಮಳೆಯ ವಾಸನೆ. ಸಾಹೇಬರು ಬಂದರೆ ಏನು ಹೇಳುತ್ತೀ ಎಂದು ಶಂಭುಲಿಂಗಪ್ಪ ಕೇಳಿದರೆ ಉಚ್ಚೆಂಗಮ್ಮ ಕೈಯ ಮಣ್ಣು ಒರೆಸಿಕೊಳ್ಳುತ್ತಾರೆ.

"ಮಳಿ ಮೊದ್ಲು ಬರ್ಲಿ, ಸಾಹೇಬ್ರು ಆಮ್ಯಾಲೆ ಬರ್ಲಿ. ಮಾತ್ಯಾಕ್ರಿ? ಒಳಗ ಒಣಾ ನೆಲದ ಮ್ಯಾಲೆ ಚಾಪಿ ಹಾಸಿ ಕುಂದ್ರಸ್ತೀನಿ."